ಸೂನಿಯೊದಿಂದ ವಾಪಸು ದಾರಿ

ಪೊಲಿಕ್ಸೆನಿಗೆ ಕತ್ತಲಾದ ಮೇಲೆ ಕಣ್ಣು ಸರಿಯಾಗಿ ಕಾಣದೆ ಆಗಲೇ ಒಂದೂವರೆ ವರ್ಷವಾಗಿತ್ತು. ಅದು ಅವಳನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಪಿರೆಯಾಸ್ ಬಂದರಿನೆದುರು, ಹಡಗಿನ ಟಿಕೆಟು ಮಾರುವ ಅಂಗಡಿಗಳ ಮುಂದಿರುವ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವಳೊಬ್ಬಳೇ ಹೆಂಗಸು. ವಯಸ್ಸು ಐವತ್ತೆಂಟು. ಗಂಡ ಮಾಂಥೋಸ್ ಇದ್ದಾಗ ಒಂದೇ ಹಳದಿ ಗಾಡಿಯನ್ನು ಇಬ್ಬರೂ ಹಂಚಿಕೊಂಡು ಓಡಿಸುತ್ತಿದ್ದರು. ಹಗಲು ಅವಳು, ರಾತ್ರಿ ಅವನು. ನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡ ಮೇಲೆ ರಾತ್ರಿ ಪಾಳಿಗೆ ಅವನ ತಮ್ಮ ಸರಾಂತಿಸ್ ಬಂದ. ಸಂಜೆ ಐದಕ್ಕೆ ಮೈದುನನ ಕೈಗೆ ಕೀಲಿ ಕೊಟ್ಟು ಅವಳು ಬಸ್ಸು ಹತ್ತುತ್ತಿದ್ದಳು. ಹಾಗಾಗಿ ಕಣ್ಣಿನ ವಿಷಯ ಮುಚ್ಚಿಡುವುದು ಅಷ್ಟೇನೂ ಕಷ್ಟವಾಗಿರಲಿಲ್ಲ. ಯಾರಾದರೂ ಸಂಜೆಯ ಮೇಲೆ ಬಾಡಿಗೆ ಹೇಳಿದರೆ ಮಾತ್ರ ನೆಪ ಹುಡುಕಬೇಕಿತ್ತು. ಒಂದು ದಿನ ಮಂಡಿ ನೋವು, ಇನ್ನೊಂದು ದಿನ ಚರ್ಚಿನ ಸಂಜೆ ಪ್ರಾರ್ಥನೆ, ಮತ್ತೊಂದು ದಿನ ಟಿ.ವಿ. ಧಾರಾವಾಹಿ. "ನಮ್ಮತ್ತಿಗೆ ಕೋಳಿಗಳ ಜೊತೆ ಗೂಡು ಸೇರ್ಕೋತಾಳೆ" ಎಂದು ಸರಾಂತಿಸ್ ನಮ್ಮೆದುರಿಗೇ ಗೇಲಿ ಮಾಡುತ್ತಿದ್ದ. ಅವಳೂ ನಕ್ಕುಬಿಡುತ್ತಿದ್ದಳು.

ಒಮ್ಮೆ ಡಾಕ್ಟರ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ. ಅದಕ್ಕೆ ಅವಳ ಅಪ್ಪ ಕಾರಣ. ಅಪ್ಪ ಪೆರಾಮದ ಹಡಗುಕಟ್ಟೆಯಲ್ಲಿ ಬಣ್ಣ ಬಳಿಯುತ್ತಿದ್ದವನು. ಅವನಿಗೂ ಶುರುವಾಗಿದ್ದು ಹೀಗೆಯೇ. ಮುಸ್ಸಂಜೆಯಲ್ಲಿ ಕುರ್ಚಿಗೆ ಎಡವುವುದು, ದೀಪ ಉರಿಯುತ್ತಿದ್ದರೂ "ಯಾರಾದ್ರೂ ದೀಪ ಹಾಕ್ರೋ" ಎಂದು ರೇಗುವುದು. ಅರವತ್ತಕ್ಕೆ ಪೂರ್ತಿ ಕುರುಡನಾದ. ಆಮೇಲಿನ ಹನ್ನೊಂದು ವರ್ಷ ಮಗಳ ಹೆಗಲ ಮೇಲೆ ಕೈಯಿಟ್ಟು ಓಡಾಡಿದ. ಆ ಕೈಯ ಭಾರ ಪೊಲಿಕ್ಸೆನಿಗೆ ಮರೆತಿರಲಿಲ್ಲ. ಡಾಕ್ಟರು ಅದೇ ರೋಗದ ಹೆಸರು ಹೇಳಿಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತು. ಹೇಳದೇ ಇರುವಷ್ಟು ದಿನ ಗಾಡಿ ಓಡುತ್ತದೆ ಎಂದುಕೊಂಡಿದ್ದಳು.

ಅಕ್ಟೋಬರ್ ತಿಂಗಳ ಒಂದು ಗುರುವಾರ. ಮಧ್ಯಾಹ್ನ ಮೂರೂವರೆಗೆ ಸರಾಂತಿಸ್ ಫೋನ್ ಮಾಡಿದ.

"ಅತ್ತಿಗೆ, ನಾನು ಸತ್ತೆ."

"ಏನಾಯ್ತೋ?"

"ಸೊಂಟ ಹಿಡ್ಕೊಂಡಿದೆ. ಕಾಲುಚೀಲ ಹಾಕ್ಕೊಳ್ಳೋಕೆ ಬಗ್ಗಿದೆ, ಅಷ್ಟೇ. ಅಡುಗೆಮನೆ ನೆಲದ ಮೇಲೆ ಅಂಗಾತ ಬಿದ್ದಿದ್ದೀನಿ. ಫ್ರಿಜ್ಜಿನ ಕೆಳಗೆ ಒಂದು ಆಲಿವ್ ಕಾಣ್ತಿದೆ, ಯಾವ ಕಾಲದ್ದೋ."

"ಅಲ್ಲಾಡಬೇಡ ಮತ್ತೆ. ಬಿಸಿನೀರಿನ ಚೀಲ ಇಟ್ಕೋ."

"ಇಟ್ಕೋತೀನಿ. ಇವತ್ತು ನಾನು ಬೇಗ ಗಾಡಿ ತಗೋಬೇಕಿತ್ತಲ್ಲ, ಸೂನಿಯೊದ ಬಾಡಿಗೆಗೆ, ಅದಕ್ಕೆ ನೀನು ಹೋಗು. ನಾಲ್ಕೂಕಾಲಿಗೆ ನೆಯಾ ಸ್ಮಿರ್ನಿಯಲ್ಲಿ ಹತ್ತಿಸ್ಕೋಬೇಕು. ಇಬ್ಬರು ಹೆಂಗಸರು. ದೇವಸ್ಥಾನದ ಹತ್ರ ಹೊತ್ತು ಮುಳುಗೋದು ತೋರಿಸಿ ಕರ್ಕೊಂಡು ಬಾ. ಬೇರೇನಿಲ್ಲ."

"ನನಗೆ ಆಗಲ್ಲ. ಬೇರೆ ಯಾರಿಗಾದ್ರೂ ಹೇಳು."

"ಯಾಕಾಗಲ್ಲ?"

"ಮಂಡಿ..."

"ನಿನ್ನ ಮಂಡಿ ಸಂಜೆ ಐದಾದ ಮೇಲೇ ನೋಯೋದು ನೋಡು! ಅತ್ತಿಗೆ, ನಾನು ಮಾತು ಕೊಟ್ಟಿದ್ದೀನಿ. ಬಾಡಿಗೆ ಹೇಳಿದ ಹುಡುಗಿ ವಾರದಿಂದ ಮೂರು ಸಲ ಫೋನ್ ಮಾಡಿದಾಳೆ. ಅವಳಮ್ಮ, ಅವಳತ್ತೆ, ಇಬ್ಬರು ಬೀಗಿತ್ತಿಯರು. ಮಗುಗೆ ಹೆಸರಿಡೋ ವಿಷಯಕ್ಕೆ ಮುಖ ತಿರುಗಿಸ್ಕೊಂಡು ಕೂತಿದಾರಂತೆ. ಭಾನುವಾರ ನಾಮಕರಣ. ಇಬ್ಬರನ್ನೂ ಒಂದು ಗಾಡೀಲಿ ಹಾಕಿ ಕಳಿಸಿದ್ರೆ ರಾಜಿ ಆಗ್ಬಹುದು ಅಂತ ಮಕ್ಕಳ ಆಸೆ. ಈಗ ಬರಲ್ಲ ಅಂದ್ರೆ ಹ್ಯಾಗೆ?"

ನಿಜವಾದ ಕಾರಣ ಹೇಳಬೇಕು, ಇಲ್ಲವೇ ಹೋಗಬೇಕು. ಮೂರನೆಯ ದಾರಿ ಇರಲಿಲ್ಲ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೊತ್ತು ಮುಳುಗುವುದು ಆರೂ ನಲವತ್ತಕ್ಕೆ. ಆಮೇಲೆ ಇಪ್ಪತ್ತು ನಿಮಿಷ ಬೆಳಕಿರುತ್ತದೆ. ಸೂನಿಯೊದಿಂದ ವಾರ್ಕಿಝಾವರೆಗೆ ರಸ್ತೆಯಲ್ಲಿ ದೀಪವಿಲ್ಲ, ನಲವತ್ತು ನಿಮಿಷದ ದಾರಿ. ಅಲ್ಲಿಂದಾಚೆ ಬೀದಿದೀಪಗಳಿವೆ, ಹೇಗೋ ನಡೆಯುತ್ತದೆ. ಆರೂ ಇಪ್ಪತ್ತಕ್ಕೆ ಹೊರಟುಬಿಟ್ಟರೆ ಆಯಿತು. ಸೂರ್ಯ ಪೂರ್ತಿ ಮುಳುಗುವುದನ್ನು ನೋಡಲೇಬೇಕೆಂದು ಏನಿದೆ?

"ಸರಿ, ಹೋಗ್ತೀನಿ" ಎಂದಳು.

ನೆಯಾ ಸ್ಮಿರ್ನಿಯ ಅಪಾರ್ಟ್‌ಮೆಂಟಿನ ಮುಂದೆ ಇಬ್ಬರೂ ಎರಡು ಮಾರು ದೂರ ದೂರ ನಿಂತಿದ್ದರು. ಹುಡುಗಿಯ ಅಮ್ಮ ಮೆಲ್ಪೊ ಪಟ್ಟಣದ ಹೆಂಗಸು. ಗರಿಗರಿಯಾಗಿ ಇಸ್ತ್ರಿ ಮಾಡಿದ ಕೋಟು, ಕೂದಲಿಗೆ ಅದೇ ಬೆಳಿಗ್ಗೆ ಮಾಡಿಸಿದ ಸೆಟ್. ಹುಡುಗನ ತಾಯಿ ಗರಿಫಾಲಿಯಾ ಥೆಸ್ಸಲಿ ಬಯಲಿನ ಕಾರ್ದಿತ್ಸಾ ಕಡೆಯವಳು, ಹತ್ತಿ ಬೆಳೆಯುವ ಮನೆತನ. ಅಗಲ ಹೆಗಲು, ಕೈಯಲ್ಲಿ ಬಟ್ಟೆ ಸುತ್ತಿದ ದೊಡ್ಡ ತಟ್ಟೆ. ಅದರಲ್ಲಿ ಸೊಪ್ಪು, ಚೀಸು ತುಂಬಿದ ಪೀತಾ.

"ದಾರಿಗೆ ಇಷ್ಟು ಯಾಕೆ?" ಎಂದಳು ಮೆಲ್ಪೊ. "ನಾವೇನು ವಲಸೆ ಹೋಗ್ತಿದೀವಾ?"

"ನಮ್ಮ ಕಡೆ ಬರಿಗೈಲಿ ಮನೆ ಬಿಡಕಿಲ್ಲ ಬೀಗ್ತೀ" ಎಂದಳು ಗರಿಫಾಲಿಯಾ. "ಡ್ರೈವರಮ್ಮ, ನಿನಗೂ ಒಂದು ತುಂಡು ಐತೆ, ತಗೋ."

ಗಾಡಿ ಹೊರಟಿತು. ಗ್ಲಿಫಾದಾ ದಾಟುವವರೆಗೆ ಹಿಂದಿನ ಸೀಟಿನಲ್ಲಿ ಸದ್ದಿಲ್ಲ. ವೂಲಿಯಗ್ಮೆನಿ ದಾಟಿ ಬಲಗಡೆ ಕಡಲು ತೆರೆದುಕೊಂಡಾಗ ಮಾತು ಶುರುವಾಯಿತು.

"ಮೊದಲ ಮೊಮ್ಮಗಳು ಅಪ್ಪನ ತಾಯಿ ಹೆಸರು ಹೊರೋದು ನಮ್ಮಲ್ಲೂ ಉಂಟು, ನಿಮ್ಮಲ್ಲೂ ಉಂಟು" ಎಂದಳು ಗರಿಫಾಲಿಯಾ. "ನಾನೇನು ಹೊಸದಾಗಿ ಕೇಳ್ತಿದೀನಾ?"

"ನಿಮ್ಮ ಹೆಸರಿಗೆ ನಾನೇನೂ ಅಂದಿಲ್ಲ. ಆದರೆ ಸ್ಕೂಲಲ್ಲಿ ಮಕ್ಕಳು ಏನಂತ ಕರೀತಾವೆ ಯೋಚನೆ ಮಾಡಿ. ಗರಿಫಾಲಿಯಾ! ನಮ್ಮ ಮಾತಲ್ಲಿ ಅದು ಲವಂಗದ ಹೆಸರು, ಅಂಗಡೀಲಿ ಕೇಳಿದ ಹಾಗಿರತ್ತೆ."

"ಮೆಲ್ಪೊಮೆನಿ ಅಂದ್ರೆ ಮಾತ್ರ ಬಲು ಹೊಸ ಹೆಸರು ನೋಡು."

"ನನ್ನ ಹೆಸರಿಡಿ ಅಂತ ನಾನು ಹೇಳಿದ್ನಾ?"

"ಬಾಯಲ್ಲಿ ಹೇಳಿಲ್ಲ ಬಿಡು."

ಬೇರೆ ದಿನವಾಗಿದ್ದರೆ ಪೊಲಿಕ್ಸೆನಿಗೆ ಇದು ಒಳ್ಳೇ ತಮಾಷೆ. ಮರುದಿನ ಸ್ಟ್ಯಾಂಡಿನಲ್ಲಿ ನಮಗೆಲ್ಲ ಅಭಿನಯ ಮಾಡಿ ತೋರಿಸುತ್ತಿದ್ದಳು. ಅಂದು ಅವಳ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. ಸೂರ್ಯ ಎಷ್ಟು ಕೆಳಗಿದ್ದಾನೆ, ಗಡಿಯಾರದಲ್ಲಿ ಎಷ್ಟಾಯಿತು, ದಾರಿಯಲ್ಲಿ ಎಲ್ಲೆಲ್ಲಿ ತಿರುವು, ಎಲ್ಲಿ ಬಿಳಿ ಗೆರೆ ಮಾಸಿದೆ ಎಂದು ನೋಡಿಕೊಳ್ಳುತ್ತಿದ್ದಳು. ಸಾರೊನಿದಾ, ಅನಾವಿಸೊಸ್, ಲೆಗ್ರೆನಾ. ಪ್ರತಿ ತಿರುವನ್ನೂ ಪರೀಕ್ಷೆಯ ಹಿಂದಿನ ದಿನದ ಪಾಠದಂತೆ ಬಾಯಿಪಾಠ ಮಾಡಿದಳು. ವಾಪಸು ಬರುವಾಗ ಗುಡ್ಡ ಬಲಕ್ಕೆ ಬರುತ್ತದೆ, ಕಡಲು ಎಡಕ್ಕೆ. ಬಲದ ಬಿಳಿ ಗೆರೆ ಹಿಡಿದುಕೊಂಡರೆ ಸಾಕು.

ಆರಕ್ಕೆ ಐದು ನಿಮಿಷವಿರುವಾಗ ಸೂನಿಯೊ ತಲುಪಿದರು. ಗುಡ್ಡದ ತುದಿಯಲ್ಲಿ ಕಡಲ ದೇವರು ಪೊಸೈಡನ್ನನ ಹಳೇ ದೇವಸ್ಥಾನದ ಕಂಬಗಳು ಬಿಸಿಲಿಗೆ ಬೆಳ್ಳಗೆ ನಿಂತಿದ್ದವು. ಗಾಳಿ ಜೋರಾಗಿತ್ತು. ಪೊಲಿಕ್ಸೆನಿ ಗಾಡಿ ನಿಲ್ಲಿಸಿ ಹೇಳಿದಳು, "ಆರೂ ಇಪ್ಪತ್ತಕ್ಕೆ ಇಲ್ಲೇ ಸಿಗೋಣ."

"ಆರೂ ಇಪ್ಪತ್ತಾ?" ಮೆಲ್ಪೊ ಹುಬ್ಬೇರಿಸಿದಳು. "ಸೂರ್ಯಾಸ್ತ ಆರೂ ನಲವತ್ತಕ್ಕಲ್ವಾ? ಮಗಳು ಮೊಬೈಲಲ್ಲಿ ನೋಡಿ ಹೇಳಿದಾಳೆ."

"ಹೌದು, ಆದರೆ... ಆಮೇಲೆ ಟ್ರಾಫಿಕ್ಕು. ಎಲ್ಲರೂ ಒಟ್ಟಿಗೆ ಹೊರಡ್ತಾರೆ. ಮತ್ತೆ ಅಲ್ಲಿ ಮೋಡ ಬೇರೆ ಬರ್ತಿದೆ, ನೋಡಿ."

ಮೂವರೂ ಪಡುವಣದ ಕಡೆ ನೋಡಿದರು. ಒಂದು ಚೂರು ಮೋಡವೂ ಇರಲಿಲ್ಲ.

"ಡ್ರೈವರಮ್ಮ" ಎಂದಳು ಗರಿಫಾಲಿಯಾ, "ನಾನು ಮುನ್ನೂರು ಕಿಲೋಮೀಟರ್ ದೂರದಿಂದ ಬಂದಿವ್ನಿ. ಅರವತ್ತಾರು ವರ್ಷಕ್ಕೆ ಇದೇ ಮೊದಲು ಇದನ್ನ ನೋಡ್ತಿರೋದು. ಸೂರ್ಯ ಪೂರ್ತಿ ನೀರೊಳಗೆ ಇಳಿಯೋತನಕ ನಾನು ಅಲ್ಲಾಡಕಿಲ್ಲ."

ಬೀಗಿತ್ತಿಯರಿಬ್ಬರೂ ಅಂದು ಒಪ್ಪಿದ ಮೊದಲ ಮಾತು ಅದು. ಇಬ್ಬರೂ ಟಿಕೆಟು ತೆಗೆದುಕೊಂಡು ಹತ್ತಿ ಹೋದರು.

ಪೊಲಿಕ್ಸೆನಿ ಗಾಡಿಯ ಪಕ್ಕದಲ್ಲೇ ನಿಂತಳು. ಗಾಜು ಒರೆಸಿದಳು. ಹೆಡ್‌ಲೈಟು ಒರೆಸಿದಳು. ಮತ್ತೊಮ್ಮೆ ಒರೆಸಿದಳು. ಆರೂಕಾಲು. ಆರೂವರೆ. ಕಂಬಗಳು ಜೇನಿನ ಬಣ್ಣಕ್ಕೆ ತಿರುಗಿದವು. ಸುತ್ತ ಜನ ಫೋಟೊ ತೆಗೆಯುತ್ತಿದ್ದರು. ಯಾರೋ ನಗುತ್ತಿದ್ದರು. ಸೂರ್ಯ ನೀರಿಗೆ ತಾಗಿದಾಗ ಎಲ್ಲರೂ "ಆಹಾ" ಎಂದರು. ಅವಳು ಗಡಿಯಾರ ನೋಡಿದಳು.

ಆರೂ ನಲವತ್ತು ಕಳೆಯಿತು. ಕಾವಲುಗಾರ ಸೀಟಿ ಊದಿದ. ಜನ ಇಳಿದು ಬರತೊಡಗಿದರು. ಇವರಿಬ್ಬರು ಮಾತ್ರ ಇಲ್ಲ. ಆರೂ ಐವತ್ತು. ಅವಳು ತಾನೇ ಹತ್ತಿ ಹೋದಳು. ಬಾಗಿಲಲ್ಲಿದ್ದ ಕಾವಲುಗಾರ "ಮುಚ್ಚಿದೆಯಮ್ಮ" ಎಂದ. "ನನ್ನ ಪ್ರಯಾಣಿಕರು ಒಳಗಿದಾರೆ" ಎಂದು ಅವನನ್ನು ದಾಟಿಕೊಂಡು ಹೋದಳು. ಕಲ್ಲಿನ ದಾರಿಯಲ್ಲಿ ಒಂದು ಮೆಟ್ಟಿಲು ಕಾಣಲಿಲ್ಲ. ಕಾಲು ಗಾಳಿಯಲ್ಲಿ ಹೋಗಿ ದಢಕ್ಕನೆ ಕೆಳಗಿಳಿಯಿತು. ಬೀಳಲಿಲ್ಲ.

ಇಬ್ಬರೂ ಕಲ್ಲುಗಳ ನಡುವೆ ಬಗ್ಗಿ ಹುಡುಕುತ್ತಿದ್ದರು. ಮೆಲ್ಪೊಳ ಒಂದು ಕಿವಿಯೋಲೆ ಬಿದ್ದುಹೋಗಿತ್ತು.

"ನಮ್ಮತ್ತೆ ಕೊಟ್ಟಿದ್ದು" ಎಂದಳು ಮೆಲ್ಪೊ ಅಳು ಧ್ವನಿಯಲ್ಲಿ. "ಭಾನುವಾರ ಹಾಕ್ಕೋಬೇಕಿತ್ತು."

"ಹೊರಡೋಣ" ಎಂದಳು ಪೊಲಿಕ್ಸೆನಿ. "ದಯವಿಟ್ಟು ಹೊರಡೋಣ. ಬೆಳಿಗ್ಗೆ ಫೋನ್ ಮಾಡಿದ್ರೆ ಇವರೇ ಹುಡುಕಿಡ್ತಾರೆ."

"ಏನಿದು, ಅಟ್ಟಿಸ್ಕೊಂಡು ಬಂದ ಹಾಗೆ ಮಾಡ್ತೀರಲ್ಲ! ಎರಡು ನಿಮಿಷ."

ಎರಡು ನಿಮಿಷ ಹತ್ತಾಯಿತು. ಕೊನೆಗೆ ಓಲೆ ಗರಿಫಾಲಿಯಾಳ ಶಾಲಿಗೆ ಸಿಕ್ಕಿಕೊಂಡಿದ್ದು ಕಂಡಿತು. ಸೂರ್ಯ ಮುಳುಗುವಾಗ ಇಬ್ಬರೂ ತಬ್ಬಿಕೊಂಡಿದ್ದರಂತೆ. ಯಾಕೆ ಎಂದು ಕೇಳುವ ಸ್ಥಿತಿಯಲ್ಲಿ ಪೊಲಿಕ್ಸೆನಿ ಇರಲಿಲ್ಲ.

ಗಾಡಿ ಹೊರಟಾಗ ಏಳೂ ಹತ್ತು. ಆಕಾಶದಂಚಿನಲ್ಲಿ ಕೆಂಪಿನ ಒಂದು ಗೀರು ಮಾತ್ರ ಉಳಿದಿತ್ತು.

ಮೊದಲ ಒಂದು ಕಿಲೋಮೀಟರು ಮುಂದೆ ಒಂದು ಕಾರಿತ್ತು. ಅದರ ಕೆಂಪು ದೀಪ ಹಿಡಿದು ಹೋದಳು. ಆ ಕಾರು ಒಂದು ಹೋಟೆಲಿನ ಕಡೆ ತಿರುಗಿಬಿಟ್ಟಿತು. ಆಮೇಲೆ ಏನೂ ಇಲ್ಲ. ಹೆಡ್‌ಲೈಟಿನ ಬೆಳಕು ಮುಂದೆ ಮಂಜಿನ ಮೇಲೆ ಬಿದ್ದ ಹಾಗೆ ಹರಡಿಹೋಗುತ್ತಿತ್ತು. ಬಲದ ಬಿಳಿ ಗೆರೆ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಸ್ಟೀರಿಂಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಮರಗಟ್ಟಿದವು. ಹಿಂದಿನವರು ಪೀತಾ ಬಿಚ್ಚಿದ್ದರು.

"ಉಪ್ಪು ಸ್ವಲ್ಪ ಹೆಚ್ಚು" ಎಂದಳು ಮೆಲ್ಪೊ. "ಆದರೆ ಹಿಟ್ಟು ಚೆನ್ನಾಗಿ ಎಳೆದಿದೀರ."

"ಎರಡನೇದು ತಿಂತಿದೀಯ ಬೀಗ್ತಿ. ಉಪ್ಪು ಹೆಚ್ಚಾಗಿದ್ರೆ ಬುಟ್ಬುಡು."

ಲೆಗ್ರೆನಾಗೆ ಇನ್ನೆರಡು ಕಿಲೋಮೀಟರು ಇರಬೇಕು. ತಿರುವಿನಿಂದ ಒಂದು ಕಾರು ಎದುರಾಯಿತು. ಅದರ ಎರಡು ದೀಪಗಳು ಅವಳ ಕಣ್ಣಿಗೆ ಎರಡಾಗಿ ಕಾಣಲಿಲ್ಲ. ದೊಡ್ಡ ದೊಡ್ಡ ಬಿಳಿ ಬಳೆಗಳಾಗಿ, ಒಂದರೊಳಗೊಂದು ಬಿಚ್ಚಿಕೊಂಡು ಗಾಜನ್ನೆಲ್ಲ ತುಂಬಿಬಿಟ್ಟವು. ರಸ್ತೆಯೇ ಮಾಯವಾಯಿತು. ಬ್ರೇಕಿನ ಮೇಲೆ ಕಾಲಿಟ್ಟಳು. ಪೂರ್ತಿ ಒತ್ತಲಿಲ್ಲ, ಹಿಂದಿನವರಿಗೆ ಗೊತ್ತಾದೀತೆಂದು. ಕಾರು ಸುಂಯ್ಯೆಂದು ಹಾದುಹೋಯಿತು. ಬಿಳುಪು ಹೋಗಿ ಕಪ್ಪಾಯಿತು. ಆ ಕಪ್ಪಿನಲ್ಲಿ ಬಲಗಡೆ ಏನೋ ಧಡ್ ಎಂದಿತು.

ತಗಡಿನ ಸದ್ದು. ಮನುಷ್ಯನೊಬ್ಬನ ಕೂಗು.

ಗಾಡಿ ನಿಂತಿತು. ಯಾವಾಗ ನಿಲ್ಲಿಸಿದಳೋ ಅವಳಿಗೇ ಗೊತ್ತಿಲ್ಲ. "ದೇವರ ತಾಯೇ" ಎಂದಳು ಮೆಲ್ಪೊ. ಪೊಲಿಕ್ಸೆನಿಗೆ ಬಾಗಿಲ ಹಿಡಿ ಸಿಗಲಿಲ್ಲ. ಸಿಕ್ಕಾಗ ಇಳಿದಳು. ಕಾಲ ಕೆಳಗೆ ಏನೋ ಜಾರಿತು. ಮೆತ್ತಗೆ, ಒದ್ದೆ. ಮನುಷ್ಯನ ಕೈಯೆಂದುಕೊಂಡಳು. ಆ ಒಂದು ಗಳಿಗೆ ತಾನು ಉಸಿರೇ ಬಿಡಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು.

ಅದು ಮೀನು. ರಸ್ತೆಯ ತುಂಬ ಮೀನು ಬಿದ್ದಿದ್ದವು. ಮುದುಕನೊಬ್ಬ ಗುಡ್ಡದ ಬದಿಗೆ ನಿಲ್ಲಿಸಿದ್ದ ಸ್ಕೂಟರಿಗೆ ಒರಗಿ ಬಲ ಮೊಣಕೈ ಹಿಡಿದುಕೊಂಡು ನಿಂತಿದ್ದ. ಗಾಳ ಹಾಕಿ ಕಡಲ ದಡದಿಂದ ಹತ್ತಿ ಬಂದು ರಸ್ತೆ ದಾಟಿ ಮುಗಿಸಿದ್ದ. ಗಾಡಿಯ ಬಲಗನ್ನಡಿ ಅವನ ಮೊಣಕೈಗೂ ಬಕೆಟ್ಟಿಗೂ ಬಡಿದಿತ್ತು. ಇನ್ನೊಂದು ಗೇಣು ಇತ್ತ ಬಂದಿದ್ದರೆ ಕನ್ನಡಿಯ ಬದಲು ಗಾಡಿಯೇ ಬಡಿಯುತ್ತಿತ್ತು.

"ನನ್ನ ಕೈಯಲ್ಲಿ ಟಾರ್ಚ್ ಇದೆ!" ಅವನು ಗರ್ಜಿಸಿದ. "ಇದು ಉರೀತಾ ಇದೆ! ಕಣ್ಣಿಲ್ವೇನಮ್ಮಾ ನಿನಗೆ?"

"ಇಲ್ಲ" ಎಂದಳು ಪೊಲಿಕ್ಸೆನಿ.

ಮುದುಕ ಟಾರ್ಚನ್ನು ಅವಳ ಕಡೆ ತಿರುಗಿಸಿದ.

"ಕತ್ತಲಲ್ಲಿ ಕಾಣಲ್ಲ" ಎಂದಳು ಅವಳು. "ನಿಮ್ಮ ಟಾರ್ಚ್ ಕಾಣಲಿಲ್ಲ. ಈಗ ನಿಮ್ಮ ಮುಖಾನೂ ಕಾಣ್ತಿಲ್ಲ." ಹೇಳುತ್ತ ಹೇಳುತ್ತ ಮೀನುಗಳ ನಡುವೆ ರಸ್ತೆಯ ಮೇಲೆಯೇ ಕೂತುಬಿಟ್ಟಳು.

ಬೀಗಿತ್ತಿಯರು ಇಳಿದು ಬಂದಿದ್ದರು. ಕೇಳಿಸಿಕೊಂಡಿದ್ದರು.

"ಗೊತ್ತಿತ್ತಾ ನಿಮಗೆ?" ಎಂದಳು ಮೆಲ್ಪೊ. "ಕಣ್ಣು ಕಾಣಲ್ಲ ಅಂತ ಗೊತ್ತಿದ್ದೂ ನಮ್ಮನ್ನ ಕೂರಿಸ್ಕೊಂಡು ಬಂದ್ರಾ?"

"ಗೊತ್ತಿದ್ದೂ ಬಂದೆ."

"ಆ ಕಡೆ ಕಡಲಿದೆ! ಒಂದು ತಿರುವು ತಪ್ಪಿದ್ರೆ ಭಾನುವಾರ ನಾಮಕರಣ ಇರ್ತಿರಲಿಲ್ಲ, ನಮ್ಮಿಬ್ಬರ ಶವಸಂಸ್ಕಾರ ಇರ್ತಿತ್ತು! ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ? ಒಂದು ಮಾತು?"

ಮೆಲ್ಪೊ ಹೇಳಿದ್ದರಲ್ಲಿ ತಪ್ಪಾದದ್ದು ಒಂದು ಅಕ್ಷರವೂ ಇರಲಿಲ್ಲ.

ಗರಿಫಾಲಿಯಾ ಈ ನಡುವೆ ಮುದುಕನ ತೋಳು ಹಿಡಿದು ಮಡಚಿಸಿ, ಬಿಡಿಸಿ ನೋಡುತ್ತಿದ್ದಳು. "ಬೆರಳು ಅಲ್ಲಾಡ್ಸು ಯಜಮಾನ. ಹಾಂ. ಮುಷ್ಟಿ ಮಾಡು. ಮೂಳೆ ನೆಟ್ಟಗಿದ್ದಂಗೈತೆ, ಆದ್ರೂ ಫೋಟೊ ತೆಗೆಸ್ಬೇಕು. ಎಲ್ಲೈತೆ ಆಸ್ಪತ್ರೆ?"

"ಆಸ್ಪತ್ರೆ ಬೇಡ. ಮನೆ ಲೆಗ್ರೆನಾದಲ್ಲಿ. ಮಗ ಇದಾನೆ, ಅವನು ಕರ್ಕೊಂಡು ಹೋಗ್ತಾನೆ." ಮುದುಕ ಪೊಲಿಕ್ಸೆನಿಯ ಕಡೆ ನೋಡಿದ. ಸಿಟ್ಟು ಇಳಿದಿರಲಿಲ್ಲ, ಆದರೆ ಕೂಗಲಿಲ್ಲ. "ಪೊಲೀಸರನ್ನ ಕರೀಬೇಕು ನಾನು."

"ಕರೀರಿ" ಎಂದಳು ಅವಳು.

ಅವನು ಫೋನ್ ತೆಗೆಯಲಿಲ್ಲ. "ಏಳು ಮೇಲೆ" ಎಂದ. "ರಸ್ತೆ ಮಧ್ಯ ಕೂತ್ರೆ ಇನ್ನೊಬ್ಬ ಕುರುಡ ಬಂದು ನಿನ್ನನ್ನೇ ಗುದ್ದುತಾನೆ."

ಗರಿಫಾಲಿಯಾ ಅಂಗೈ ಚಾಚಿದಳು. "ಕೀಲಿ ಕೊಡವ್ವ."

"ನಿಮಗೆ ಲೈಸೆನ್ಸ್..."

"ಐತೆ. ಹತ್ತಿ ಕೊಯ್ಲಲ್ಲಿ ರಾತ್ರಿಯೆಲ್ಲಾ ಟ್ರ್ಯಾಕ್ಟರ್ ಓಡಿಸ್ತೀನಿ. ಮಾರ್ಕೆಟ್ಟಿಗೆ ಪಿಕಪ್ಪು ತಗೊಂಡ್ಹೋಗ್ತೀನಿ. ಟ್ಯಾಕ್ಸಿ ಓಡಿಸಿಲ್ಲ, ಅದಕ್ಕೂ ನಾಲ್ಕೇ ಚಕ್ರ ತಾನೇ?"

ಪೊಲಿಕ್ಸೆನಿ ಮೀಟರು ಆರಿಸಿದಳು. ಮೇಲಿನ ಟ್ಯಾಕ್ಸಿ ಫಲಕದ ದೀಪ ಆರಿಸಿದಳು. ಮುದುಕ ಹಿಂದೆ ಮೆಲ್ಪೊಳ ಪಕ್ಕ ಕೂತ, ಸಿಕ್ಕಷ್ಟು ಮೀನನ್ನು ಸೊಟ್ಟಗಾದ ಬಕೆಟ್ಟಿನಲ್ಲಿ ತುಂಬಿಕೊಂಡು. ಮೆಲ್ಪೊ ಕೋಟನ್ನು ಮೊಣಕಾಲ ಮೇಲಕ್ಕೆ ಎಳೆದುಕೊಂಡು ಕಿಟಕಿಗೆ ಒತ್ತಿಕೊಂಡಳು. ಗರಿಫಾಲಿಯಾ ಸೀಟು ಹಿಂದಕ್ಕೆ ತಳ್ಳಿ, ಶಿಲುಬೆಯ ಗುರುತು ಮಾಡಿಕೊಂಡು, ಮೊದಲ ಗೇರು ಹಾಕಿದಳು. ಗಾಡಿ ಕೆಮ್ಮಿ ನಿಂತಿತು. ಎರಡನೇ ಸಲಕ್ಕೆ ಹೊರಟಿತು.

ಲೆಗ್ರೆನಾದಲ್ಲಿ ಮುದುಕನನ್ನು ಇಳಿಸಿದರು. ಪೊಲಿಕ್ಸೆನಿ ತನ್ನ ಹೆಸರು, ಫೋನ್ ನಂಬರು, ಗಾಡಿಯ ನಂಬರು ಎಲ್ಲ ಬರೆದು ಅವನ ಮಗನ ಕೈಗೆ ಕೊಟ್ಟಳು. ಮಗ ಏನೋ ಕೂಗಾಡಲು ಹೊರಟ. ಮುದುಕ "ಒಳಗೆ ನಡಿ" ಎಂದು ಅವನನ್ನು ತಳ್ಳಿಕೊಂಡು ಹೋದ.

ಆಮೇಲೆ ಗಂಟೆಗೆ ನಲವತ್ತು ಕಿಲೋಮೀಟರು. ಹಿಂದೆ ಸಾಲುಗಟ್ಟಿದ ಕಾರುಗಳು ಹಾರ್ನ್ ಹೊಡೆದವು. ಗರಿಫಾಲಿಯಾ ಕಿಟಕಿಯಿಂದ ಕೈ ಹೊರಹಾಕಿ "ಹೋಗ್ರಪ್ಪ, ಹೋಗ್ರಿ" ಎಂದಳು. ಪೊಲಿಕ್ಸೆನಿ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಆ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲಿರಬೇಕು. ಎದುರಿನ ಪ್ರತಿ ದೀಪಕ್ಕೂ ಅವಳ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಎಷ್ಟು ದಿನದಿಂದ?" ಎಂದು ಕೇಳಿದಳು ಗರಿಫಾಲಿಯಾ, ರಸ್ತೆಯಿಂದ ಕಣ್ಣು ತೆಗೆಯದೆ.

"ಒಂದೂವರೆ ವರ್ಷ."

"ಡಾಕ್ಟ್ರಿಗೆ ತೋರಿಸಿಲ್ವಾ?"

"ಅಪ್ಪನಿಗೂ ಹೀಗೇ ಆಗಿತ್ತು. ಅವರು ಕುರುಡಾದ್ರು."

"ಅದಕ್ಕೇ ಹೋಗಿಲ್ಲ."

"ಅದಕ್ಕೇ."

ಹಿಂದಿನಿಂದ ಮೆಲ್ಪೊ ಹೇಳಿದಳು, "ನಾನು ನಿಮ್ಮನ್ನ ಕ್ಷಮಿಸ್ತೀನಿ ಅಂತ ತಿಳ್ಕೋಬೇಡಿ."

"ತಿಳ್ಕೊಂಡಿಲ್ಲ."

"ಸೋಮವಾರ ಡಾಕ್ಟರ ಹತ್ರ ಹೋಗ್ತೀರಾ?"

"ಹೋಗ್ತೀನಿ."

"ಸುಮ್ಮನೆ ಹೇಳೋದಲ್ಲ. ನಾನು ಫೋನ್ ಮಾಡಿ ಕೇಳ್ತೀನಿ."

ವಾರ್ಕಿಝಾ ಬಂತು. ಬೀದಿದೀಪಗಳು ಶುರುವಾದವು. ಗರಿಫಾಲಿಯಾ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದಳು. "ಇಲ್ಲಿಂದಾಚೆ ಬೆಳಕೈತೆ. ಈ ಊರಿನ ಟ್ರಾಫಿಕ್ಕು ನನಗೆ ಬಗೆಹರಿಯಕಿಲ್ಲ. ನಿನಗೆ ಕಾಣಿಸ್ತದಾ?"

ಕಾಣಿಸುತ್ತಿತ್ತು, ಸುಮಾರಾಗಿ. ಎಷ್ಟೋ ಚಳಿಗಾಲದ ಸಂಜೆ ಇಂಥ ಬೆಳಕಿನಲ್ಲಿ ಅವಳು ಹೇಗೋ ಓಡಿಸಿದ್ದಳು. ಈಗ ಹೂಂ ಎಂದರೆ ಈ ಇಬ್ಬರನ್ನು ಮನೆಗೆ ಬಿಟ್ಟು, ಗಾಡಿ ಸ್ಟ್ಯಾಂಡಿಗೆ ತಂದು, ಯಾರಿಗೂ ಏನೂ ಹೇಳದೆ ಉಳಿದುಬಿಡಬಹುದು. ಆ ಆಸೆ ಆ ಗಳಿಗೆಯಲ್ಲೂ ಬಂತು ಎಂದು ಅವಳು ನನಗೆ ಮುಚ್ಚುಮರೆಯಿಲ್ಲದೆ ಹೇಳಿದಳು.

"ಇಲ್ಲ. ನೀವೇ ಓಡಿಸಿ" ಎಂದಳು. "ದಾರಿ ನಾನು ಹೇಳ್ತೀನಿ. ಈ ಸಾಲು ಬಿಡಬೇಡಿ. ಮೂರನೇ ಸಿಗ್ನಲ್ಲಿನ ತನಕ ನೇರ."

ಗ್ಲಿಫಾದಾದ ಸಿಗ್ನಲ್ಲಿನಲ್ಲಿ ಎರಡು ಸಲ ಗಾಡಿ ನಿಂತುಹೋಯಿತು. ಪಕ್ಕದ ಬೈಕಿನವನು "ಅಜ್ಜಿ, ಕುರಿ ಮೇಯಿಸೋಕೆ ಹೋಗು" ಎಂದ. "ಮೇಯಿಸ್ತೀನಿ, ನೀನೂ ಬಾ ಮಂದೆಗೆ" ಎಂದಳು ಗರಿಫಾಲಿಯಾ. ಮೆಲ್ಪೊ ಹಿಂದೆ ಮೊದಲ ಬಾರಿ ನಕ್ಕಳು, ಅಥವಾ ಬಿಕ್ಕಿದಳು. ಗೊತ್ತಾಗಲಿಲ್ಲ. "ಮಗೂಗೆ ನಿಮ್ಮ ಹೆಸರೇ ಇಡಿ ಬೀಗರೇ" ಎಂದಳು. "ಗಾಡಿ ಓಡಿಸೋಕಾದ್ರೂ ಬರತ್ತೆ." ಮನೆ ಮುಂದೆ ಇಳಿಯುವಾಗ ಮಾತ್ರ ಆ ಮಾತು ತಾನು ಆಡೇ ಇಲ್ಲವೆಂದಳು. ಭಾನುವಾರ ಮಗುವಿಗೆ ಯಾವ ಹೆಸರಿಟ್ಟರೋ ಪೊಲಿಕ್ಸೆನಿಗೆ ತಿಳಿಯಲಿಲ್ಲ.

ಗಾಡಿಯನ್ನು ಅವರ ಮನೆ ಮುಂದೆಯೇ ಬಿಟ್ಟು ಅವಳು ಟ್ರಾಮ್ ಹಿಡಿದು ಸರಾಂತಿಸ್‌ನ ಮನೆಗೆ ಹೋದಳು. ಅವನಿನ್ನೂ ಅಡುಗೆಮನೆಯ ನೆಲದ ಮೇಲೆಯೇ ಇದ್ದ. ತಲೆಗೊಂದು ದಿಂಬು ಬಂದಿತ್ತು.

"ಏನತ್ತಿಗೆ, ರಾಜಿ ಆಯ್ತಾ ಬೀಗಿತ್ತಿಯರದ್ದು?"

ಅವಳು ಕುರ್ಚಿ ಎಳೆದು ಕೂತು ಎಲ್ಲ ಹೇಳಿದಳು. ಮೊದಲಿನಿಂದ. ಮಂಡಿ ನೋವು ಸುಳ್ಳು, ಪ್ರಾರ್ಥನೆ ಸುಳ್ಳು ಎಂದಳು. ಮೀನು ತುಳಿದದ್ದನ್ನೂ ಹೇಳಿದಳು. ಸರಾಂತಿಸ್ ಚಾವಣಿ ನೋಡುತ್ತ ಕೇಳಿದ. ಕೊನೆಗೆ ಬಹಳ ಮೆಲ್ಲಗೆ ಕೇಳಿದ, "ಹೋದ ಡಿಸೆಂಬರಲ್ಲಿ ನನ್ನ ಮಗಳನ್ನ ಟ್ಯೂಷನ್ನಿಂದ ನೀನು ಕರ್ಕೊಂಡು ಬಂದೆ. ಎಂಟು ಗಂಟೆ ರಾತ್ರಿ. ಮಳೆ ಬರ್ತಿತ್ತು."

"ಹೌದು."

"ಕಾಣ್ತಿತ್ತಾ ಆವತ್ತು?"

ಪೊಲಿಕ್ಸೆನಿ ತಲೆ ತಗ್ಗಿಸಿದಳು.

"ಹೋಗು ಅತ್ತಿಗೆ" ಎಂದ. "ನನಗೆ ಎದ್ದು ನಿನ್ನನ್ನ ಆಚೆ ಕಳಿಸೋಕೆ ಆಗಲ್ಲ. ನೀನೇ ಹೋಗು." ಆ ಕಡೆ ತಿರುಗಿ ಮಲಗಲೂ ಆಗದೆ ಕಣ್ಣು ಮುಚ್ಚಿಕೊಂಡ.

ಸೋಮವಾರ ಅವಳು ಸರ್ಕಾರಿ ಆಸ್ಪತ್ರೆಗೆ ಹೋದಳು. ಮೂರು ಗಂಟೆ ಸಾಲಿನಲ್ಲಿ ಕಾದಳು. ಡಾಕ್ಟರು ಅವಳಿಗೆ ಮಗಳಾಗುವಷ್ಟು ವಯಸ್ಸಿನ ಹುಡುಗಿ. ಹನಿ ಹಾಕಿ, ಗಲ್ಲವನ್ನು ಯಂತ್ರಕ್ಕೆ ಇಡಿಸಿ ಬಹಳ ಹೊತ್ತು ನೋಡಿದಳು. ಅಪ್ಪನ ವಿಷಯ ಕೇಳಿದಳು. ಮತ್ತೊಂದು ಯಂತ್ರದಲ್ಲಿ ನೋಡಿದಳು. ಪೊಲಿಕ್ಸೆನಿ ಕುರ್ಚಿಯ ಕೈ ಹಿಡಿದುಕೊಂಡು ಆ ರೋಗದ ಹೆಸರಿಗಾಗಿ ಕಾಯುತ್ತಿದ್ದಳು.

"ಪೊರೆ ಬಂದಿದೆ" ಎಂದಳು ಹುಡುಗಿ. "ಎರಡೂ ಕಣ್ಣಿಗೆ. ಆಪರೇಷನ್ ಮಾಡಿದ್ರೆ ಹೋಗತ್ತೆ."

"ಅಪ್ಪನಿಗೆ ಬಂದಿದ್ದು?"

"ಅದಲ್ಲ. ಒಳಗಿನ ಪರದೆ ಚೆನ್ನಾಗಿದೆ. ಇದು ಬರೀ ಪೊರೆ."

"ಬರೀ ಪೊರೆ" ಎಂದಳು ಪೊಲಿಕ್ಸೆನಿ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಸಂತೋಷ ಬರಬೇಕಿತ್ತು. ಬಂದದ್ದು ಸಿಟ್ಟು. ಒಂದೂವರೆ ವರ್ಷ ಅವಳು ಹೆದರಿ ಸತ್ತದ್ದು ಇಲ್ಲದ ರೋಗಕ್ಕೆ. ಅರ್ಧ ಗಂಟೆಯ ಆಪರೇಷನ್ನಿನಲ್ಲಿ ಹೋಗುವ ಒಂದು ಪೊರೆಗಾಗಿ ಒಬ್ಬ ಮುದುಕನನ್ನು ಕೊಲ್ಲುವುದರಲ್ಲಿದ್ದಳು. ಅಷ್ಟರಲ್ಲಿ ಫೋನ್ ಬಂತು. ಮೆಲ್ಪೊ.

"ಹೋದ್ರಾ?" ಎಂದಳು. ಉತ್ತರ ಕೇಳಿಕೊಂಡಳು. "ಒಳ್ಳೇದಾಯ್ತು. ಆದರೂ ನನ್ನ ಸಿಟ್ಟು ಹೋಗಿಲ್ಲ" ಎಂದು ಫೋನ್ ಇಟ್ಟಳು.

ಡಿಸೆಂಬರಿನಲ್ಲಿ ಒಂದು ಕಣ್ಣು, ಫೆಬ್ರುವರಿಯಲ್ಲಿ ಇನ್ನೊಂದು. ಲೆಗ್ರೆನಾದ ಮುದುಕನ ಮೂಳೆಗೆ ಏನೂ ಆಗಿರಲಿಲ್ಲ. ಅವಳು ಮೂರು ಸಲ ಹೋಗಿ ನೋಡಿಬಂದಳು. ಮೂರನೇ ಸಲ ಅವನು ಕಾಫಿ ಕೊಟ್ಟ. ಸರಾಂತಿಸ್ ಮಾತ್ರ ಚಳಿಗಾಲ ಪೂರ್ತಿ ಮಾತಾಡಲಿಲ್ಲ. ಹಗಲಿಗೂ ಅವನೇ ಗಾಡಿ ಓಡಿಸಿದ. ಕಣ್ಣು ಸರಿಯಾಗಿ ಅವಳು ಮತ್ತೆ ಹಗಲು ಪಾಳಿಗೆ ಬಂದಾಗ ಕೀಲಿಯನ್ನು ಕಾಫಿ ಅಂಗಡಿಯವನ ಕೈಲಿ ಕೊಟ್ಟು ಹೋಗುತ್ತಿದ್ದ. ನಾವು ಸ್ಟ್ಯಾಂಡಿನವರು ಇಬ್ಬರಿಗೂ ಬುದ್ಧಿ ಹೇಳಲು ಹೋಗಲಿಲ್ಲ.

ಮಾರ್ಚಿನ ಒಂದು ಸಂಜೆ ಅವನು ಬಂದು ಕೀಲಿ ತೆಗೆದುಕೊಳ್ಳದೆ ಪಕ್ಕದ ಸೀಟಿನಲ್ಲಿ ಕೂತ. ಅಂದು ಅವನು ತಡವಾಗಿ ಬಂದಿದ್ದ, ಆಗಲೇ ಕತ್ತಲಾಗಿತ್ತು.

"ಓಡಿಸು" ಎಂದ.

ಅವಳು ಬಂದರಿನ ಸುತ್ತ ಒಂದು ಸುತ್ತು ಹಾಕಿದಳು. ಆಮೇಲೆ ಕಡಲ ರಸ್ತೆಯಲ್ಲಿ ಗ್ಲಿಫಾದಾವರೆಗೆ. ದೀಪ ಈಗ ದೀಪದಷ್ಟೇ ಕಾಣುತ್ತಿತ್ತು, ಒಂದೊಂದೂ ಬೇರೆ ಬೇರೆಯಾಗಿ, ಚುಚ್ಚುವಷ್ಟು ಸ್ಪಷ್ಟವಾಗಿ. ಆದರೂ ಎದುರಿನಿಂದ ಕಾರು ಬಂದಾಗಲೆಲ್ಲ ಅವಳ ಅಂಗೈ ಬೆವರಿತು. ಸರಾಂತಿಸ್ ಅದನ್ನು ನೋಡಿದ. ಗ್ಲಿಫಾದಾದಲ್ಲಿ ತಿರುಗಿಸುವಾಗ ಕೇಳಿದ, "ಹೆದರಿಕೆ ಆಗ್ತಿದೆಯಾ?"

"ಆಗ್ತಿದೆ."

"ಹಾಗೆ ಹೇಳು ಮತ್ತೆ" ಎಂದ. "ಇನ್ಮೇಲೆ ಆದಾಗೆಲ್ಲ ಹೇಳು. ಸಾಕು, ನಿಲ್ಲಿಸು. ಇಲ್ಲಿಂದ ನಾನು ತಗೊಂಡು ಹೋಗ್ತೀನಿ."